ದವಡೆಯ ಮೂಳೆ ಸವೆದಿದೆ, ಯಾವ ಪುಡಿ ಹಾಕಿಸಲಿ?

ಪ್ರಶ್ನೆ: ನನಗೆ 57 ವರ್ಷ, ದಾವಣಗೆರೆಯವಳು. ಬಲಗಡೆ ಕೆಳಗಿನ ಎರಡು ದವಡೆ ಹಲ್ಲುಗಳನ್ನು ಒಂಬತ್ತು ವರ್ಷಗಳ ಹಿಂದೆ, ಎಡಗಡೆ ಮೇಲಿನ ಎರಡನ್ನು ಕಳೆದ ವರ್ಷ ಕೀಳಿಸಿದೆ. ಈಗ ಇಂಪ್ಲಾಂಟ್ (ಮೂಳೆಯೊಳಗೆ ಸ್ಕ್ರೂನಂತೆ ಕೂರಿಸುವ ಕೃತಕ ಬೇರು) ಹಾಕಿಸಲು ಹೋದರೆ ಮೂಳೆ ಸಾಲದು ಎಂದರು. ಸ್ಕ್ಯಾನ್ ವರದಿಯಲ್ಲಿ ಮೇಲೆ ಮೂಳೆಯ ಎತ್ತರ 4 ಮಿ.ಮೀ., ಅಗಲ 8 ಮಿ.ಮೀ. ಎಂದಿದೆ. ಕೆಳಗೆ ನರದವರೆಗಿನ ಎತ್ತರ 11 ಮಿ.ಮೀ., ಅಗಲ 4 ಮಿ.ಮೀ. ಒಬ್ಬ ವೈದ್ಯರು ಗದ್ದದಿಂದಲೋ ಸೊಂಟದಿಂದಲೋ ಮೂಳೆ ತೆಗೆದು ಕಸಿ ಮಾಡಬೇಕು ಎನ್ನುತ್ತಾರೆ. ಇನ್ನೊಬ್ಬರು ಪುಡಿ ಹಾಕಿದರೆ ಸಾಕು ಎಂದರು. ವಿಚಾರಿಸಿದಾಗ ಅದು ದನದ ಮೂಳೆಯದು ಎಂದು ತಿಳಿಯಿತು. ನಮ್ಮದು ಸಸ್ಯಾಹಾರಿ ಮನೆ. ಮೂರನೆಯವರು ಕೆಳಗೆ ಕಸಿಯೇ ಬೇಡ, ಗಿಡ್ಡ ಇಂಪ್ಲಾಂಟ್ ಸಾಕು ಎಂದರು. ನನಗೆ ಸಕ್ಕರೆ ಕಾಯಿಲೆ ಇದೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 7.8. ಮೂಳೆ ಸವೆತಕ್ಕೆಂದು ಎರಡು ವರ್ಷದಿಂದ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಯಾರ ಮಾತು ಕೇಳಲಿ? ಏನೂ ಮಾಡಿಸದೆ ಬಿಟ್ಟರೆ ಆಗುವುದಿಲ್ಲವೇ?

ಉತ್ತರ: ಮೂವರಲ್ಲಿ ಯಾರೂ ನಿಮಗೆ ಸುಳ್ಳು ಹೇಳಿಲ್ಲ. ಆದರೆ ನಿಮ್ಮ ಬಾಯಿಯಲ್ಲಿ ಎರಡು ಬೇರೆ ಬೇರೆ ಕೊರತೆಗಳಿವೆ, ಮೂವರೂ ಬಹುಶಃ ಅವುಗಳಲ್ಲಿ ಒಂದೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದ್ದಾರೆ. ಮೇಲೆ ಎತ್ತರ ಸಾಲದು, ಕೆಳಗೆ ಅಗಲ ಸಾಲದು. ಯಾವ ಪುಡಿ ಎಂಬ ಚರ್ಚೆ ಮನೆಯಲ್ಲಿ ಜೋರಾಗಿ ನಡೆದಿರಬೇಕು, ಅದು ಸಹಜ. ನನ್ನ ಲೆಕ್ಕದಲ್ಲಿ ಮಾತ್ರ ಅದು ಎರಡನೆಯ ಪ್ರಶ್ನೆ. ಪುಡಿ ಹಾಕುವ ಜಾಗದ ಸುತ್ತ ಎಷ್ಟು ಗೋಡೆಗಳು ಉಳಿದಿವೆ ಎಂಬುದು ಮೊದಲನೆಯದು.

ಹೊಲ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಗುಂಡಿಯಲ್ಲಿ ತುಂಬಿದ ಮಣ್ಣು ಎಲ್ಲಿಗೂ ಹೋಗುವುದಿಲ್ಲ. ಅದೇ ಮಣ್ಣನ್ನು ಬದುವಿಲ್ಲದ ಇಳಿಜಾರಿನಲ್ಲಿ ಗುಡ್ಡೆ ಹಾಕಿದರೆ ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ. ಮಣ್ಣು ಕೆಂಪೋ ಕಪ್ಪೋ ಎಂಬುದು ಆಮೇಲಿನ ಮಾತು. ನಿಮ್ಮ ಮೇಲಿನ ದವಡೆಯದು ಗುಂಡಿ, ಕೆಳಗಿನದು ಇಳಿಜಾರು.

ಮೂಳೆ ಏಕೆ ಹೋಯಿತು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಹಲ್ಲಿನ ಬೇರನ್ನು ಅಪ್ಪಿಕೊಂಡಿರುವ ಮೂಳೆ ಹಲ್ಲಿಗಾಗಿಯೇ ಇರುವಂಥದು. ಅಗಿಯುವಾಗ ಬೇರಿನ ಮೂಲಕ ಬೀಳುವ ಒತ್ತಡವೇ ಅದನ್ನು ಕಾಯುತ್ತದೆ. ಕೆಲಸವಿಲ್ಲದ ಮೂಳೆಯನ್ನು ಶರೀರ ಇಟ್ಟುಕೊಳ್ಳುವುದಿಲ್ಲ ಎಂಬುದನ್ನು ಜರ್ಮನಿಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿಟ್ಟರು. ಹಲ್ಲು ಕಿತ್ತ ಮೊದಲ ವರ್ಷದಲ್ಲಿ ಆ ಜಾಗದ ಅಗಲದ ಸುಮಾರು ಅರ್ಧದಷ್ಟು ಕರಗಬಹುದು, ಅದರಲ್ಲೂ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. ಕೆನ್ನೆಯ ಕಡೆಯ ಗೋಡೆ ತೆಳುವಾದ್ದರಿಂದ ಅದೇ ಮೊದಲು ಕುಸಿಯುತ್ತದೆ. ಒಂಬತ್ತು ವರ್ಷ ಖಾಲಿ ಬಿದ್ದ ನಿಮ್ಮ ಕೆಳದವಡೆಯ ಅಂಚು ಈಗ ಮೇಲ್ತುದಿಯಲ್ಲಿ ಕತ್ತಿಯ ಅಲಗಿನಂತೆ ಚೂಪಾಗಿರಬೇಕು. ಮೇಲಿನ ಕಥೆ ಬೇರೆ. ಅಲ್ಲಿ ದವಡೆ ಹಲ್ಲುಗಳ ಬೇರುಗಳ ಮೇಲೆಯೇ ಸೈನಸ್ ಎಂಬ ಗಾಳಿ ತುಂಬಿದ ಕೋಣೆ ಇದೆ. ಹಲ್ಲು ಹೋದ ಮೇಲೆ ಆ ಕೋಣೆಯ ನೆಲ ಕೆಳಗಿಳಿಯುತ್ತದೆ. ಹಾಗಾಗಿ ಅಗಲ ಉಳಿದೂ ಎತ್ತರ ಹೋಗಿದೆ.

(ಇನ್ನೂ ಹಲ್ಲು ಕೀಳಿಸದೆ ಇರುವ ಓದುಗರಿಗೆ ಇಲ್ಲೇ ಒಂದು ಮಾತು. ಮುಂದೆ ಇಂಪ್ಲಾಂಟ್ ಹಾಕಿಸುವ ಯೋಚನೆ ಇದ್ದರೆ, ಕಿತ್ತ ದಿನವೇ ಆ ಗುಳಿಯನ್ನು ತುಂಬಿ ಮುಚ್ಚುವ ಬಗ್ಗೆ ಕೇಳಿ. ಅದರಿಂದ ಸವೆತ ನಿಲ್ಲುವುದಿಲ್ಲ, ಆದರೆ ಕಡಿಮೆಯಾಗುತ್ತದೆ. ನಾಲ್ಕು ಗೋಡೆ ಇರುವಾಗ ತುಂಬುವುದು ಎಷ್ಟು ಸುಲಭ ಎಂಬುದು ಗೋಡೆ ಬಿದ್ದ ಮೇಲೆ ತಿಳಿಯುತ್ತದೆ.)

ಮೊದಲು ಮೇಲಿನದು, ಏಕೆಂದರೆ ಅದು ಸುಲಭ. 4 ಮಿ.ಮೀ. ಎತ್ತರದಲ್ಲಿ ಮಾಮೂಲಿ ಇಂಪ್ಲಾಂಟ್ ನಿಲ್ಲುವುದಿಲ್ಲ. ಇದಕ್ಕಿರುವ ದಾರಿ ಸೈನಸ್ ಲಿಫ್ಟ್. ಸೈನಸ್ಸಿನ ಒಳಗೆ ಈರುಳ್ಳಿ ಸಿಪ್ಪೆಯ ಒಳಪದರದಷ್ಟು ತೆಳುವಾದ ಪೊರೆ ಇರುತ್ತದೆ. ಅದನ್ನು ಹರಿಯದಂತೆ ಮೆಲ್ಲಗೆ ಮೇಲಕ್ಕೆ ಎತ್ತಿ, ಕೆಳಗೆ ಉಂಟಾದ ಜಾಗದಲ್ಲಿ ಕಸಿ ತುಂಬುತ್ತಾರೆ. ಮೂಳೆ 5ರಿಂದ 8 ಮಿ.ಮೀ. ಇದ್ದಿದ್ದರೆ ಇಂಪ್ಲಾಂಟಿಗಾಗಿ ಕೊರೆದ ರಂಧ್ರದ ಮೂಲಕವೇ ಪೊರೆಯನ್ನು ಎತ್ತಬಹುದಿತ್ತು. ನಿಮ್ಮದು 4 ಆಗಿರುವುದರಿಂದ ಕೆನ್ನೆಯ ಒಳಬದಿಯಿಂದ ಮೂಳೆಯಲ್ಲಿ ಚಿಕ್ಕ ಕಿಟಕಿ ತೆರೆದು ಮಾಡುವ ವಿಧಾನವೇ ಹೆಚ್ಚು ಭರವಸೆಯದು. ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದಿನಲ್ಲೇ ಮುಗಿಯುತ್ತದೆ. ಪೊರೆ ಹರಿಯುವುದೇ ಇದರಲ್ಲಿ ಹೆಚ್ಚಾಗಿ ಕಾಣುವ ತೊಡಕು. ಸಣ್ಣ ಹರಕನ್ನು ಅಲ್ಲೇ ಮುಚ್ಚಬಹುದು. ದೊಡ್ಡದಾದರೆ ವಾಪಸು ಹೊಲಿದು, ಕೆಲವು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸುವುದು ಜಾಣತನ. ಹಾಗೆ ಅರ್ಧಕ್ಕೆ ನಿಲ್ಲಿಸಿದ ವೈದ್ಯರ ಮೇಲೆ ಸಿಟ್ಟಾಗಬೇಡಿ.

ಸೊಂಟದ ಮೂಳೆಯ ಮಾತು ಎಲ್ಲಿಂದ ಬಂತು ಎಂಬುದೂ ಇಲ್ಲೇ ತಿಳಿಯುತ್ತದೆ. ಈ ಶಸ್ತ್ರಕ್ರಿಯೆಯನ್ನು 1980ರಲ್ಲಿ ಅಮೆರಿಕದ ಫಿಲಿಪ್ ಬಾಯ್ನ್ ಮತ್ತು ರಾಬರ್ಟ್ ಜೇಮ್ಸ್ ಮೊದಲು ಪ್ರಕಟಿಸಿದಾಗ ಸೊಂಟದಿಂದ ತೆಗೆದ ಮೂಳೆಯನ್ನೇ ತುಂಬಿದ್ದರು. ಆ ಕಾಲಕ್ಕೆ ಅದೇ ಸರಿ. ಆಮೇಲಿನ ದಶಕಗಳಲ್ಲಿ ಗೊತ್ತಾದದ್ದೇನೆಂದರೆ, ಸೈನಸ್ ಬಹಳ ಉದಾರಿ. ಸುತ್ತಲೂ ಮೂಳೆಯ ಗೋಡೆ, ಮೇಲೆ ಪೊರೆಯ ಮಾಡು, ಅಗಿಯುವ ಒತ್ತಡ ತಾಗುವುದಿಲ್ಲ, ರಕ್ತ ಚೆನ್ನಾಗಿ ಬರುತ್ತದೆ. ಪುಡಿ ಏನನ್ನೂ ಹಾಕದೆ, ಪೊರೆಯನ್ನು ಇಂಪ್ಲಾಂಟಿನ ತುದಿಯ ಮೇಲೆ ಡೇರೆಯಂತೆ ಎತ್ತಿ ನಿಲ್ಲಿಸಿದರೂ ಹೆಪ್ಪುಗಟ್ಟಿದ ರಕ್ತದೊಳಗೆ ಮೂಳೆ ಹುಟ್ಟಿದ್ದನ್ನು ಸಂಶೋಧಕರು ತೋರಿಸಿದ್ದಾರೆ. ಅಂಥ ಜಾಗಕ್ಕಾಗಿ ಸೊಂಟ ಕುಯ್ಯಿಸಿಕೊಂಡು ಕೆಲವು ವಾರ ಕುಂಟುವುದು ಬೇಕಾಗಿಲ್ಲ. ಗಡ್ಡೆಯೋ ಅಪಘಾತವೋ ಆಗಿ ದವಡೆಯ ದೊಡ್ಡ ಭಾಗವೇ ಹೋದವರಿಗೆ ಸೊಂಟದ ಮೂಳೆಯೂ, ಕಾಲಿನ ಫಿಬುಲಾ ಮೂಳೆಯೂ ಇಂದಿಗೂ ಆಸರೆ. ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಬಂದವರನ್ನು ನೋಡುವ ನಮ್ಮ ಆಸ್ಪತ್ರೆಗಳಲ್ಲಿ ಅವು ಅಪರೂಪವಲ್ಲ. ಎರಡು ದವಡೆ ಹಲ್ಲಿನ ಜಾಗಕ್ಕೆ ಅಷ್ಟು ದೂರ ಹೋಗಬೇಡಿ.

ಈಗ ಪುಡಿಯ ವಿಷಯ. ಎಲ್ಲ ಕಸಿಗಳನ್ನೂ ಜನ ಪುಡಿ ಎನ್ನುತ್ತಾರೆ. ನೋಡಲು ಕಲ್ಲುಸಕ್ಕರೆಯನ್ನು ಒರಟಾಗಿ ಕುಟ್ಟಿದಂಥ ಹರಳು. ಈ ಹರಳುಗಳೇ ಮೂಳೆಯಾಗುತ್ತವೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಅವರೆ ಬಳ್ಳಿಗೆ ಚಪ್ಪರ ಹಾಕುತ್ತೇವಲ್ಲ, ಇದು ಆ ಚಪ್ಪರ. ಬಳ್ಳಿ ನಿಮ್ಮ ಶರೀರದ್ದೇ, ಅಂದರೆ ಪಕ್ಕದ ಮೂಳೆಯಿಂದ ಬರುವ ರಕ್ತನಾಳ ಮತ್ತು ಜೀವಕೋಶಗಳು. ಚಪ್ಪರ ಬೇಗ ಮುರಿದರೆ ಬಳ್ಳಿ ನೆಲಕ್ಕೆ ಬೀಳುತ್ತದೆ, ತೀರಾ ದಟ್ಟವಾದರೆ ಒಳಗೆ ಹಬ್ಬುವುದಿಲ್ಲ.

ನಿಮ್ಮದೇ ಮೂಳೆಯಾದರೆ ಚಪ್ಪರದ ಜೊತೆ ಬಳ್ಳಿಯ ಬೀಜವೂ ಇರುತ್ತದೆ: ಜೀವಂತ ಕೋಶಗಳು, ಮೂಳೆ ಕಟ್ಟಲು ಪ್ರಚೋದಿಸುವ ಪ್ರೋಟೀನುಗಳು. ಆ ಪ್ರೋಟೀನುಗಳ ಸುಳಿವನ್ನು 1965ರಲ್ಲಿ ಕೊಟ್ಟವರು ಅಮೆರಿಕದ ಮಾರ್ಷಲ್ ಯೂರಿಸ್ಟ್. ಸ್ವಂತ ಮೂಳೆಯ ದೋಷವೆಂದರೆ ಅದು ಬೇಗ ಕರಗುತ್ತದೆ, ತೆಗೆಯಲು ಇನ್ನೊಂದು ಗಾಯ ಬೇಕು. ಗದ್ದದಿಂದ ತೆಗೆದರೆ ಕೆಳಗಿನ ಮುಂದಿನ ಹಲ್ಲುಗಳ ಸುತ್ತ ತಿಂಗಳುಗಟ್ಟಲೆ ಜೋಮು ಉಳಿಯಬಹುದು. ನಾನು ಗದ್ದವನ್ನು ಬಿಟ್ಟು ಬಹಳ ವರ್ಷಗಳಾದವು; ಕೆಳದವಡೆಯ ಹಿಂಭಾಗದಲ್ಲಿ ಬುದ್ಧಿಹಲ್ಲಿನ ಆಚೆಯಿಂದ ತೆಗೆಯುತ್ತೇನೆ.

ಬೇರೆ ಮನುಷ್ಯರ ಮೂಳೆಯೂ ಬರುತ್ತದೆ. ದಾನಿಗಳ ಮೂಳೆಯನ್ನು ಟಿಶ್ಯೂ ಬ್ಯಾಂಕುಗಳಲ್ಲಿ ಶುದ್ಧಿ ಮಾಡಿ, ತೇವ ತೆಗೆದು, ವಿಕಿರಣ ಹಾಯಿಸಿ ಕೊಡುತ್ತಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಇಂಥ ಬ್ಯಾಂಕ್ ಇದೆ. ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯ ನಂತರ ಇವೂ ಕಾನೂನಿನ ಚೌಕಟ್ಟಿನೊಳಗೆ ಬಂದಿವೆ. ಮಾಂಸಾಹಾರಿಗಳೂ ಇದಕ್ಕೆ ಮುಖ ಸಿಂಡರಿಸುವುದುಂಟು.

ದನದ ಮೂಳೆಯ ಹರಳು ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಕಸಿಗಳಲ್ಲೊಂದು. ಸ್ವಿಟ್ಜರ್ಲೆಂಡಿನ ಬಯೋ-ಆಸ್ ಇದೇ ಜಾತಿಯದು. ಪ್ರೋಟೀನ್ ಪೂರ್ತಿ ತೆಗೆದು ಖನಿಜದ ಜಾಲರಿಯನ್ನಷ್ಟೇ ಉಳಿಸಿರುತ್ತಾರೆ. ಬಹಳ ನಿಧಾನವಾಗಿ ಕರಗುವುದೇ ಅದರ ಗುಣ. ಹಲವು ವರ್ಷಗಳಾದ ಮೇಲೆ ನೋಡಿದರೂ ಹರಳುಗಳು ಹೊಸ ಮೂಳೆಯ ನಡುವೆ ಕುಳಿತಿರುತ್ತವೆ, ಹಾಗಾಗಿ ಕಟ್ಟಿದ ಆಕಾರ ಕುಗ್ಗುವುದಿಲ್ಲ.

ನಿಮ್ಮ ಸಸ್ಯಾಹಾರದ ಪ್ರಶ್ನೆಯನ್ನು ನಗುವಿಗೆ ತಳ್ಳುವವರು ನಮ್ಮ ವೃತ್ತಿಯಲ್ಲಿ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬಾಯೊಳಗೆ ವರ್ಷಗಟ್ಟಲೆ ಉಳಿಯುವ ವಸ್ತು ಯಾವ ಪ್ರಾಣಿಯದು ಎಂದು ರೋಗಿ ಕೇಳುವ ಮೊದಲೇ ವೈದ್ಯರು ಹೇಳಬೇಕು. ನೀವಾಗಿ ವಿಚಾರಿಸಿ ತಿಳಿಯಬೇಕಾಗಿ ಬಂದದ್ದೇ ತಪ್ಪು. ಇನ್ನೂ ಒಂದು ಸಂಗತಿ ನಿಮಗೆ ಗೊತ್ತಿರಲಿ: ಪುಡಿಯ ಮೇಲೆ ಹೊದಿಸುವ, ಕೊಲಾಜನ್ ಎಂಬ ಪ್ರೋಟೀನಿನ ಪೊರೆ ಸಾಮಾನ್ಯವಾಗಿ ಹಂದಿಯದು ಅಥವಾ ದನದ್ದು. ಪುಡಿಯನ್ನು ಬದಲಾಯಿಸಿ ಪೊರೆಯನ್ನು ಮರೆತರೆ ಲೆಕ್ಕ ತಪ್ಪುತ್ತದೆ. ರಕ್ತ ನಿಲ್ಲಿಸಲು ಇಡುವ ಜೆಲಟಿನ್ ಸ್ಪಂಜು, ಕ್ಯಾಟ್‌ಗಟ್ ಹೊಲಿಗೆ ದಾರ ಇವೂ ಪ್ರಾಣಿಮೂಲದವು. ಎಲ್ಲಕ್ಕೂ ಬದಲಿ ಉಂಟು, ಮೊದಲೇ ಹೇಳಬೇಕು ಅಷ್ಟೇ.

ಪುಡಿಗೆ ಬದಲಿ ಎಂದರೆ ಪ್ರಯೋಗಾಲಯದಲ್ಲಿ ತಯಾರಿಸಿದ ಖನಿಜ: ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಅಥವಾ ಎರಡರ ಮಿಶ್ರಣ. ಹೈಡ್ರಾಕ್ಸಿಅಪಟೈಟ್ ನಿಧಾನ, ಇನ್ನೊಂದು ಬೇಗ ಕರಗುತ್ತದೆ. ಮಿಶ್ರಣದ ಉದ್ದೇಶವೇ ಈ ಎರಡು ವೇಗಗಳನ್ನು ಹೊಂದಿಸುವುದು. ಬಯೋಆಕ್ಟಿವ್ ಗಾಜು ಎಂಬುದೂ ಇದೆ. 1967ರಲ್ಲಿ ಲ್ಯಾರಿ ಹೆಂಚ್ ಎಂಬ ಗಾಜಿನ ವಿಜ್ಞಾನಿ ಬಸ್ಸಿನಲ್ಲಿ ಹೋಗುವಾಗ, ವಿಯೆಟ್ನಾಂನಿಂದ ಬಂದಿದ್ದ ಸೇನಾಧಿಕಾರಿಯೊಬ್ಬರು ಪಕ್ಕದಲ್ಲಿದ್ದರು. ಶರೀರ ತಿರಸ್ಕರಿಸದ ವಸ್ತುವೊಂದನ್ನು ನೀವು ಮಾಡಬಾರದೇ ಎಂದು ಅವರು ಕೇಳಿದ ಪ್ರಶ್ನೆಯಿಂದ ಹುಟ್ಟಿದ್ದು ಅದು. ನಮ್ಮಲ್ಲೇ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಇಂಥ ಕೃತಕ ಕಸಿಗಳ ಮೇಲೆ ಕೆಲಸ ಮಾಡಿದೆ. ಸೈನಸ್ಸಿನಂಥ ಉದಾರ ಜಾಗದಲ್ಲಿ ಇವುಗಳನ್ನು ಧಾರಾಳವಾಗಿ ಬಳಸಬಹುದು. ಅಂದರೆ ಮೇಲಿನ ದವಡೆಯ ಮಟ್ಟಿಗೆ ನಿಮ್ಮ ಆಚಾರಕ್ಕೂ ವೈದ್ಯಕ್ಕೂ ಜಗಳವೇ ಇಲ್ಲ.

ಪಿಆರ್‌ಎಫ್ ಎಂಬ ಹೆಸರೂ ನಿಮ್ಮ ಕಿವಿಗೆ ಬೀಳಬಹುದು. ನಿಮ್ಮ ಕೈಯಿಂದ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ ಪಡೆಯುವ, ಮೊಸರಿನ ಕೆನೆಯಂಥ ಪದರ. 2001ರಲ್ಲಿ ಫ್ರಾನ್ಸಿನ ಜೋಸೆಫ್ ಶುಕ್ರೂನ್ ತಂದದ್ದು. ಒಸಡಿನ ಗಾಯ ಬೇಗ ಮಾಯಲು ನೆರವಾಗುತ್ತದೆ, ಹರಳುಗಳನ್ನು ಅಂಟಿಸಿ ಹಿಡಿಯುತ್ತದೆ. ಅದೊಂದೇ ಹಾಕಿದರೆ ಸವೆದ ಅಂಚು ಅಗಲವಾಗುತ್ತದೆ ಎಂದು ಯಾರಾದರೂ ಹೇಳಿದರೆ ಮುಂದಿನ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಡಿ.

ಇನ್ನು ಕೆಳಗಿನ ಇಳಿಜಾರು. ಇಲ್ಲಿ ತಲೆ ಕೆಡಿಸಿಕೊಳ್ಳಬೇಕಾದ ಕೆಲಸವಿದೆ. ಸುಮಾರು 4 ಮಿ.ಮೀ. ದಪ್ಪದ ಇಂಪ್ಲಾಂಟಿಗೆ ಎರಡೂ ಬದಿ ಒಂದೂವರೆ ಮಿ.ಮೀ. ಮೂಳೆ ಉಳಿಯಬೇಕೆಂದರೆ ಒಟ್ಟು 7 ಬೇಕು. ನಿಮ್ಮಲ್ಲಿರುವುದು 4. ಆದರೆ ವರದಿಯ ಈ ‘4’ ಯಾವ ಮಟ್ಟದಲ್ಲಿ ಅಳೆದದ್ದು? ಇದನ್ನು ಕೇಳದೆ ಯಾವ ತೀರ್ಮಾನಕ್ಕೂ ಬರಬೇಡಿ. ಸಾಮಾನ್ಯವಾಗಿ ತೀರಾ ಮೇಲಿನ ಅಂಚಿನಲ್ಲಿ ಅಳೆದಿರುತ್ತಾರೆ. ಅಲ್ಲಿಂದ 2 ಮಿ.ಮೀ. ಕೆಳಗೆ ಮೂಳೆ 7ಕ್ಕೆ ಅಗಲವಾಗಿದ್ದರೆ, ಆ ಚೂಪನ್ನು ತರಿದು ಸಮತಟ್ಟು ಮಾಡಬಹುದು. ಆಗ 11ರಲ್ಲಿ 9 ಉಳಿಯುತ್ತದೆ. ನರದಿಂದ 2 ಮಿ.ಮೀ. ಅಂತರ ಬಿಟ್ಟರೆ 7. ಅಷ್ಟರಲ್ಲಿ 6 ಮಿ.ಮೀ. ಉದ್ದದ ಗಿಡ್ಡ ಇಂಪ್ಲಾಂಟ್ ಕೂರುತ್ತದೆ. ಮೂರನೆಯ ವೈದ್ಯರ ಲೆಕ್ಕ ಇದೇ ಇರಬೇಕು. ಹಾಗಿದ್ದರೆ ಅವರ ಪರ ನನ್ನ ಮತ. ಕಸಿಯಿಲ್ಲದೆ ಆಗುವ ಕೆಲಸವನ್ನು ಕಸಿ ಮಾಡಿ ಸಾಧಿಸುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ನರದ ಅಂತರದಲ್ಲಿ ಮಾತ್ರ ಚೌಕಾಶಿ ಬೇಡ. ಅದಕ್ಕೆ ಪೆಟ್ಟಾದರೆ ಅರ್ಧ ತುಟಿ, ಗದ್ದ ಜೋಮು ಹಿಡಿದು, ಚಹಾ ಸುರಿದದ್ದೂ ತಿಳಿಯದಂತಾಗಬಹುದು.

ಕೆಳಕ್ಕೆ ಹೋದರೂ 4ರ ಆಸುಪಾಸೇ ಇದ್ದರೆ ಅಗಲ ಬೆಳೆಸಲೇಬೇಕು. ಹೊರಬದಿಯಲ್ಲಿ ಒಂದೇ ಗೋಡೆ ಇರುವುದರಿಂದ ಬದುವನ್ನು ವೈದ್ಯರೇ ಕಟ್ಟಬೇಕಾಗುತ್ತದೆ. ಮೂಳೆಯ ಮೇಲ್ಮೈಯಲ್ಲಿ ಸಣ್ಣ ಸಣ್ಣ ರಂಧ್ರ ಕೊರೆದು ರಕ್ತ ಬರಿಸಿ, ಹರಳು ಇಟ್ಟು, ಪೊರೆ ಹೊದಿಸಿ, ಪೊರೆಯನ್ನು ಪುಟ್ಟ ಮೊಳೆಗಳಿಂದ ಬಿಗಿಯುತ್ತಾರೆ. ಪೊರೆ ಏಕೆಂದರೆ ಒಸಡು ಮೂಳೆಗಿಂತ ವೇಗವಾಗಿ ಬೆಳೆಯುತ್ತದೆ. ತಡೆ ಇಲ್ಲದಿದ್ದರೆ ಕಳೆ ಹೊಲವನ್ನು ನುಂಗಿದಂತೆ ಒಸಡು ಆ ಜಾಗವನ್ನು ನುಂಗುತ್ತದೆ. ಕೆಳದವಡೆಯಲ್ಲಿ ನಾನು ಬರೀ ಕೃತಕ ಹರಳನ್ನು ನೆಚ್ಚುವುದಿಲ್ಲ. ಅದೇ ಗಾಯದ ಹಿಂಬದಿಯಿಂದ ಮೂಳೆಯನ್ನು ತುರಿದು ತೆಗೆದ ಹೆರೆತವನ್ನು ಅರ್ಧಕ್ಕರ್ಧ ಬೆರೆಸುತ್ತೇನೆ. ಇನ್ನೊಂದು ಗಾಯ ಬೇಕಿಲ್ಲ, ಸಸ್ಯಾಹಾರದ ತೊಡಕೂ ಇಲ್ಲ. ಪೊರೆಗೆ ಟೈಟಾನಿಯಂ ಜಾಲರಿ ಅಥವಾ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕಿನ ಹಾಳೆ ಬಳಸಬಹುದು. ಅವು ಕರಗುವುದಿಲ್ಲ, ಆಮೇಲೆ ತೆಗೆಯಬೇಕು. ನಡುವೆ ಒಸಡು ಬಿರಿದು ಹೊರಗೆ ಕಂಡರೆ ಸೋಂಕಿನ ಅಪಾಯವೂ ಉಂಟು.

ಇದರಲ್ಲಿ ಸೋಲು ಎಲ್ಲಿಂದ ಬರುತ್ತದೆ ಎಂಬುದನ್ನು ನನ್ನ ಕೈಯಿಂದಲೇ ಕಲಿತೆ. ವೃತ್ತಿಯ ಆರಂಭದಲ್ಲಿ ಒಬ್ಬರಿಗೆ ಸ್ವಂತ ಮೂಳೆಯ ತುಂಡನ್ನೇ ತೆಗೆದು, ಸ್ಕ್ರೂ ಹಾಕಿ ಕೂರಿಸಿದ್ದೆ. ವಸ್ತು ಅತ್ಯುತ್ತಮ. ಒಸಡನ್ನು ಮಾತ್ರ ಎಳೆದು ಬಿಗಿಯಾಗಿ ಹೊಲಿದೆ. ಹನ್ನೊಂದನೆಯ ದಿನ ಹೊಲಿಗೆ ಬಿಟ್ಟು ಮೂಳೆ ಬೆಳ್ಳಗೆ ಕಂಡಿತು, ತಿಂಗಳೊಳಗೆ ಎಲ್ಲವನ್ನೂ ತೆಗೆಯಬೇಕಾಯಿತು. ಚಿಕ್ಕ ಹಾಸಿಗೆಗೆ ದೊಡ್ಡ ಹೊದಿಕೆ ಹೊದಿಸಬಹುದು, ದೊಡ್ಡ ಹಾಸಿಗೆಗೆ ಚಿಕ್ಕ ಹೊದಿಕೆ ಸಾಲದು. ಅಂದಿನಿಂದ ಒಸಡನ್ನು ಸಡಿಲ ಮಾಡುವುದಕ್ಕೇ ಅರ್ಧ ಸಮಯ ಕೊಡುತ್ತೇನೆ. ಆದ್ದರಿಂದ ವೈದ್ಯರನ್ನು ಆರಿಸುವಾಗ ಯಾವ ಪುಡಿ ಎಂದಷ್ಟೇ ಕೇಳಬೇಡಿ. ಕೆಳದವಡೆಯಲ್ಲಿ ಇಂಥ ಕೆಲಸ ಎಷ್ಟು ಮಾಡಿದ್ದೀರಿ, ಹೊಲಿಗೆ ಬಿಟ್ಟರೆ ಏನು ಮಾಡುತ್ತೀರಿ ಎಂದು ಕೇಳಿ. ಎರಡನೆಯದಕ್ಕೆ ನೇರ ಉತ್ತರ ಕೊಡುವವರು ನಂಬಿಕಸ್ಥರು.

ಸಕ್ಕರೆ: 7.8ಕ್ಕೆ ಇದನ್ನು ಶುರು ಮಾಡಬೇಡಿ. 7ರ ಹತ್ತಿರ ತನ್ನಿ. ಒಂಬತ್ತು ವರ್ಷ ಕಾದ ಮೂಳೆ ಇನ್ನೂ ಮೂರು ತಿಂಗಳು ಕಾಯುತ್ತದೆ. ಅದೇ ಅವಧಿಯಲ್ಲಿ ಡಿ ವಿಟಮಿನ್ ಪರೀಕ್ಷೆ ಮಾಡಿಸಿ, ಉಳಿದ ಹಲ್ಲುಗಳ ಒಸಡನ್ನು ಸ್ವಚ್ಛ ಮಾಡಿಸಿ. ಹಲ್ಲು ಕೀಳಿಸಿದ್ದು ಏಕೆ ಎಂದು ನೀವು ಬರೆದಿಲ್ಲ. ಹುಳುಕಿನಿಂದಾದರೆ ಸರಿ, ಪಯೋರಿಯಾದಿಂದ ಅಲುಗಾಡಿ ಹೋದವಾದರೆ, ಆ ಕಾಯಿಲೆ ಅಡಗುವ ತನಕ ಕಸಿಯೂ ಬೇಡ, ಇಂಪ್ಲಾಂಟೂ ಬೇಡ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಬಿಡಬೇಕಾಗುತ್ತದೆ.

ಅಲೆಂಡ್ರೊನೇಟ್ ವಿಷಯವನ್ನು ಪ್ರಶ್ನೆಯಲ್ಲಿ ಬರೆದದ್ದು ಒಳ್ಳೆಯದಾಯಿತು, ಬಹಳ ಜನ ಹೇಳುವುದೇ ಇಲ್ಲ. ಈ ಜಾತಿಯ ಔಷಧಿ ಪಡೆಯುವವರಲ್ಲಿ ದವಡೆಯ ಮೂಳೆ ಕೊಳೆತು ಹೊರಗೆ ಕಾಣುವ ಸ್ಥಿತಿ ಮೊದಲು ವರದಿಯಾದದ್ದು 2003ರಲ್ಲಿ. ಕ್ಯಾನ್ಸರಿಗೆಂದು ರಕ್ತನಾಳದ ಮೂಲಕ ದೊಡ್ಡ ಪ್ರಮಾಣದಲ್ಲಿ ಪಡೆಯುವವರಿಗೆ ಅಪಾಯ ಹೆಚ್ಚು; ಅಂಥವರಲ್ಲಿ ನಾನು ಕಸಿಗೆ ಕೈ ಹಾಕುವುದಿಲ್ಲ. ವಾರದ ಮಾತ್ರೆ, ಅದೂ ಎರಡೇ ವರ್ಷ, ಸ್ಟೀರಾಯ್ಡ್ ಇಲ್ಲ ಎಂದಾದರೆ ಅಪಾಯ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ಸಕ್ಕರೆ ಕಾಯಿಲೆ ಅದನ್ನು ಸ್ವಲ್ಪ ಹೆಚ್ಚಿಸುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೂ ದಂತವೈದ್ಯರಿಗೂ ಮಾತನಾಡಿಸಿ. ಮಾತ್ರೆಯ ಬದಲು ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಚುಚ್ಚುಮದ್ದಿಗೆ ಬದಲಾಯಿಸುವ ಯೋಚನೆ ಅವರಿಗಿದ್ದರೆ ಈ ಶಸ್ತ್ರಕ್ರಿಯೆಯ ವಿಷಯವನ್ನು ಮೊದಲೇ ತಿಳಿಸಿ. ಆ ಚುಚ್ಚುಮದ್ದಿನ ಸರದಿಯನ್ನು ತಪ್ಪಿಸಿದರೆ ಬೆನ್ನುಮೂಳೆ ಮುರಿಯುವ ಭಯವಿದೆ.

ಏನೂ ಮಾಡಿಸದಿದ್ದರೆ ಎಂದು ಕೇಳಿದ್ದೀರಿ. ದವಡೆ ಹಲ್ಲು ಎಲ್ಲವೂ ಬೇಕೆಂದೇನೂ ಇಲ್ಲ; ಎದುರುಬದುರಾಗಿ ಕೂಡುವ ಇಪ್ಪತ್ತು ಹಲ್ಲು ಇದ್ದರೆ ಬದುಕು ನಡೆಯುತ್ತದೆ ಎಂದು ನೆದರ್ಲೆಂಡಿನ ಆರ್ಂಟ್ ಕೈಸರ್ 1980ರ ದಶಕದಲ್ಲೇ ತೋರಿಸಿದ್ದರು. ನಿಮ್ಮ ತೊಂದರೆ ಏನೆಂದರೆ ಬಲಗಡೆ ಕೆಳಗಿಲ್ಲ, ಎಡಗಡೆ ಮೇಲಿಲ್ಲ. ಎರಡೂ ಬದಿಯಲ್ಲಿ ದವಡೆ ಹಲ್ಲಿಗೆ ಜೋಡಿಯೇ ಇಲ್ಲದಂತಾಗಿದೆ. ಹಾಗಾಗಿ ಒಂದು ಬದಿಯನ್ನಾದರೂ ಸರಿ ಮಾಡಿಸಿ. ಎರಡನ್ನೂ ಒಟ್ಟಿಗೆ ಬೇಡ, ಉಣ್ಣುವುದು ಯಾವ ಕಡೆಯಿಂದ? ಸಮತಟ್ಟು ಮಾಡಿ ಗಿಡ್ಡ ಇಂಪ್ಲಾಂಟ್ ಹಾಕಲು ಬರುತ್ತದೆ ಎಂದಾದರೆ ಬಲಗಡೆ ಮೊದಲು. ಕೆಳಗೆ ಅಗಲ ಬೆಳೆಸಲೇಬೇಕು ಎಂದಾದರೆ ಮೇಲಿನ ಎಡಗಡೆಯದನ್ನು ಮೊದಲು ಮುಗಿಸಿ. ಬಲಗಡೆಗೆ ಆಮೇಲೆ ಮನಸ್ಸಾದರೆ ನೋಡೋಣ. ತೆಗೆದು ಹಾಕುವ ಹಲ್ಲು ಕಟ್ಟಿಸಿಕೊಳ್ಳುವುದೂ ಅವಮಾನವಲ್ಲ. ‘ಕಸಿಯಿಲ್ಲದೆ ಮೂರು ದಿನದಲ್ಲಿ ಹಲ್ಲು’ ಎಂಬ ಜಾಹೀರಾತುಗಳನ್ನು ಬಿಟ್ಟುಬಿಡಿ. ಕೆನ್ನೆಮೂಳೆಗೆ ಹಿಡಿಸುವಂಥ ಉದ್ದ ಇಂಪ್ಲಾಂಟುಗಳು ಮೇಲಿನ ಹಲ್ಲೆಲ್ಲ ಹೋದವರಿಗೆ ಇರುವಂಥವು, ನಿಮಗಲ್ಲ.

ಸೈನಸ್ ಕಸಿ ಗಟ್ಟಿಯಾಗಲು ಆರರಿಂದ ಎಂಟು ತಿಂಗಳು, ಇಂಪ್ಲಾಂಟ್ ಮೂಳೆಗೆ ಬೆಸೆಯಲು ಮತ್ತೆ ಎರಡು ಮೂರು ತಿಂಗಳು. ಒಟ್ಟು ಒಂದು ವರ್ಷ ಎಂದುಕೊಳ್ಳಿ. ಶಸ್ತ್ರಕ್ರಿಯೆಯ ನಂತರ ಎರಡನೆಯ, ಮೂರನೆಯ ದಿನ ಕೆನ್ನೆ ಊದುತ್ತದೆ, ಮೂಗಿನಲ್ಲಿ ತುಸು ರಕ್ತ ಕಾಣಬಹುದು, ಒಂದೆರಡು ಹರಳು ಬಾಯಿಗೆ ಬರಬಹುದು, ಗಾಬರಿ ಬೇಡ. ಮೂರು ವಾರ ಮೂಗು ಸೀಟಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ದಾವಣಗೆರೆಯವರಿಗೆ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಲೇಬೇಕು: ಹೊಲಿಗೆ ಬಿಚ್ಚಿ ಗಾಯ ಕೂಡುವ ತನಕ ಮಂಡಕ್ಕಿ ಮಿರ್ಚಿ ಬೇಡ. ಮಂಡಕ್ಕಿಯ ಹೊಟ್ಟು ಹೊಲಿಗೆಯೊಳಗೆ ಹೋಗಿ ಕುಳಿತರೆ ತೆಗೆಯುವುದು ಬಲು ಕಷ್ಟ. ಬೆಣ್ಣೆ ದೋಸೆಯನ್ನು ಗರಿಗರಿಯ ಅಂಚು ಬಿಟ್ಟು, ಮೆತ್ತಗಿನ ನಡುಭಾಗ ತಿನ್ನಬಹುದು. ಕೀವು, ಏರುತ್ತಲೇ ಹೋಗುವ ನೋವು, ತುಟಿಯ ಜೋಮು ಕಂಡರೆ ಅದೇ ದಿನ ವೈದ್ಯರ ಬಳಿಗೆ ಹೋಗಿ.

ನಿಮ್ಮ ಊರಿನಲ್ಲೇ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಒಂದರ ಒಸಡು ವಿಭಾಗಕ್ಕೆ ಹೋಗಿ ಇನ್ನೊಂದು ಅಭಿಪ್ರಾಯ ಪಡೆಯಿರಿ. ಹೋಗುವಾಗ ಸ್ಕ್ಯಾನಿನ ಮುದ್ರಿತ ಹಾಳೆ ಸಾಲದು, ಸಿಡಿಯನ್ನೇ ಒಯ್ಯಿರಿ. ಕೆಳದವಡೆಯ ಅಗಲವನ್ನು 2 ಮತ್ತು 3 ಮಿ.ಮೀ. ಕೆಳಗೆ ಅಳೆದು ತೋರಿಸಿ ಎಂದು ಹೇಳಿ. ಎಲ್ಲಿ ಮಾಡಿಸಿದರೂ ಪುಡಿ, ಪೊರೆ, ಇಂಪ್ಲಾಂಟ್ ಮೂರರ ಡಬ್ಬಿಯ ಮೇಲಿನ ಸ್ಟಿಕ್ಕರನ್ನು ನಿಮ್ಮ ಕಡತಕ್ಕೂ ಒಂದು ಅಂಟಿಸಿಕೊಡಲು ಕೇಳಿ. ಅದರಲ್ಲಿ ವಸ್ತುವಿನ ಹೆಸರು, ಮೂಲ, ಲಾಟ್ ಸಂಖ್ಯೆ ಇರುತ್ತದೆ.